ನೀರಿನ ಬಾಟಲಿ ತುಂಬಿದ ಹಾಗೇ ಇತ್ತು

ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೇನೆ. ಇವರನ್ನು ಅಕ್ಕ ಅಂತಲೇ ಕರೆಯುತ್ತೇನೆ. ವಯಸ್ಸು 46, ತುಮಕೂರು ಕಡೆಯ ಹಳ್ಳಿ, ತೆಂಗಿನ ತೋಟ, ಎರಡು ಹಸು. ಸ್ತನ ಕ್ಯಾನ್ಸರ್‌ಗೆ ಎಡಗಡೆ ಸ್ತನ, ಕಂಕುಳಿನ ದುಗ್ಧಗ್ರಂಥಿಗಳನ್ನು (ಗಂಟುಗಳು) ತೆಗೆದು ಅವತ್ತಿಗೆ ನಾಲ್ಕನೇ ದಿನ.

ವಾರ್ಡಿನ ಫಾರಂನಲ್ಲಿ ನೋವು, ನಿದ್ದೆ, ಭಯ, ದುಡ್ಡು, ಎಲ್ಲದರ ಮುಂದೂ ‘ತೊಂದರೆ ಇಲ್ಲ’. ಜೊತೆಗೆ ಥರ್ಮಾಮೀಟರ್ ಚಿತ್ರ ಇರುತ್ತದೆ. ಮನಸ್ಸಿನ ಸಂಕಟಕ್ಕೆ 0ಯಿಂದ 10ರ ಒಳಗೆ ಗುರುತು ಹಾಕಬೇಕು. 4 ಅಥವಾ ಜಾಸ್ತಿ ಬಂದರೆ ಆಪ್ತಸಮಾಲೋಚಕರಾದ ನಮ್ಮನ್ನು ಕರೆಯುತ್ತಾರೆ. ಇವರದ್ದು 2. ಹಾಗಾಗಿ ಯಾರೂ ಕರೆದಿರಲಿಲ್ಲ. ನನಗೆ ಹೇಳಿದ್ದು ಆಯಾ: “ಆಯಮ್ಮ ನೀರೇ ಕುಡಿಯಲ್ಲ ಮೇಡಂ. ಬೆಳಿಗ್ಗೆ ತುಂಬಿಟ್ಟ ಬಾಟಲಿ ಸಂಜೆಗೂ ಹಾಗೇ ಇರುತ್ತೆ.”

ಹೋಗಿ ಮಾತಾಡಿಸಿದರೆ ಉತ್ತರ ಯಜಮಾನರದ್ದು. ಫಾರಂಗೂ ಅವರೇ ಹೇಳಿದ್ದಂತೆ. ಕೆಟ್ಟವರಲ್ಲ, ಹೆದರಿದ್ದರು ಅಷ್ಟೆ. ಕಾಫಿ ಕುಡಿದು ಬನ್ನಿ ಅಂತ ಕಳಿಸಿ, ಪರದೆ ಎಳೆದು ಕೂತೆ. ‘ಹೇಗಿದ್ದೀರಿ’ ಅಂತ ಕೇಳಲಿಲ್ಲ. ಆ ಪ್ರಶ್ನೆಗೆ ನಮ್ಮ ಕಡೆ ಎಲ್ಲರೂ ಚೆನ್ನಾಗೇ ಇರುತ್ತಾರೆ, ಅಲ್ವಾ? “ಅಕ್ಕ, ನೀರು ಯಾಕೆ ಕುಡೀತಿಲ್ಲ?” ಅಂದೆ.

“ಕುಡಿದ್ರೆ ಒಂದಕ್ಕೆ ಹೋಗ್ಬೇಕಲ್ಲ.” ಬಲಗೈಯಲ್ಲಿ ಡ್ರೈನ್ ಬಾಟಲಿ, ಅಂದರೆ ಗಾಯದೊಳಗಿನ ನೀರು ಕೊಳವೆಯಲ್ಲಿ ಬಂದು ತುಂಬುವ ಬಾಟಲಿ. ಎಡಗೈ ಎತ್ತಲಾಗದು. ಲಂಗದ ಲಾಡಿ ಬಿಚ್ಚೋದು ಹೇಗೆ, ಕಟ್ಟೋದು ಹೇಗೆ? ಹೆಂಗಸರ ವಾರ್ಡಿನ ಬಚ್ಚಲಿಗೆ ಗಂಡ ಬರುವ ಹಾಗಿಲ್ಲ. ನಾದಿನಿ ಬಂದಿದ್ದಾರೆ, ಆದರೆ ಮಾರು ದೂರ ಕೂರುತ್ತಾರೆ. ಲೋಟ ಕೂಡ ಬೇರೆ ಇಟ್ಟಿದ್ದಾರೆ. ಇದನ್ನು ಹೇಳುವಾಗಲೇ ಅಕ್ಕ ಅತ್ತರು. ಥರ್ಮಾಮೀಟರ್ ಅವರ ಕೈಗೇ ಕೊಟ್ಟೆ. ಬೆರಳು 8ರ ಮೇಲೆ ನಿಂತಿತು.

ಮೊದಲು ಲಾಡಿಯ ಕೆಲಸ. ಲಂಗ ಬಿಟ್ಟು, ಮುಂದೆ ಗುಂಡಿ ಇರುವ ಸಡಿಲ ನೈಟಿ. ಡ್ರೈನ್ ಬಾಟಲಿಗೆ ಹಳೇ ಪಂಚೆಯ ಚೀಲ ಹೊಲಿದು ಕುತ್ತಿಗೆಗೆ ಹಾಕಿಕೊಂಡರೆ ಬಲಗೈ ಖಾಲಿ. ನಾದಿನಿಯನ್ನು ಕೂರಿಸಿಕೊಂಡು ಹೇಳಿದೆ: ಕ್ಯಾನ್ಸರ್ ಅಂಟುಜಾಡ್ಯ ಅಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಬರಲ್ಲ. ಅವರು ನಾಚಿಕೊಂಡರು. ಬಚ್ಚಲಿಗೆ ಜೊತೆ ಹೋಗುವ ಕೆಲಸ ಅವರೇ ಒಪ್ಪಿಕೊಂಡರು. ಯಜಮಾನರಿಗೂ ಒಂದು ಕೆಲಸ ಬೇಕಿತ್ತು. ನರ್ಸ್ ಡ್ರೈನ್ ಖಾಲಿ ಮಾಡುವಾಗ ಎಷ್ಟು ಮಿ.ಲೀ. ಅಂತ ಬರೆದಿಡಿ ಅಂದೆ. ಅದು ದಿನಕ್ಕೆ 30ರ ಒಳಗೆ ಇಳಿದ ಮೇಲೇ ಸಾಮಾನ್ಯವಾಗಿ ಕೊಳವೆ ತೆಗೆಯೋದು.

ತೋಳಿನ ಒಳಭಾಗ ಜೋಮು ಹಿಡಿದಿದೆ, ಲಕ್ವಾ ಹೊಡೀತಾ ಅನ್ನೋ ಭಯವೂ ಅಕ್ಕನಿಗಿತ್ತು. ಕಂಕುಳಲ್ಲಿ ಹಾದುಹೋಗುವ ನರಕ್ಕೆ ಪೆಟ್ಟಾದರೆ ಹೀಗಾಗುತ್ತದೆ, ಲಕ್ವಾ ಅಲ್ಲ ಅಂತ ತಿಳಿಸಿದೆ. ಕಂಕುಳಿನ ಗಂಟು ತೆಗೆದ ಕಡೆಯ ಕೈ ಮುಂದೆ ಊದಿಕೊಳ್ಳಬಹುದು. ಇಂಜೆಕ್ಷನ್, ಬಿ.ಪಿ. ಪಟ್ಟಿ ಸಾಧ್ಯವಾದಷ್ಟೂ ಇನ್ನೊಂದು ಕೈಗೇ ಇರಲಿ ಅಂತ ಯಾರ ಹತ್ತಿರ ಹೋದರೂ ಮೊದಲೇ ಹೇಳಿ ಅಂದೆ. ಗೋಡೆ ಮೇಲೆ ಬೆರಳು ನಡೆಸುವ ವ್ಯಾಯಾಮವನ್ನು ಫಿಸಿಯೋ ಕಲಿಸಿದರು. “ಹಾಲು ಕರೆಯೋದು ಯಾವಾಗ?” ಅಂತ ಅಕ್ಕ ಮೂರು ಸಲ ಕೇಳಿದರು. ಡಾಕ್ಟರು ಹೇಳೋವರೆಗೂ ಯಜಮಾನರೇ ಕರೆಯಲಿ ಅಂದಾಗ ಮೊದಲ ಸಲ ನಕ್ಕರು. “ಅವರಿಗೆ ಹಸು ಒದೆಯುತ್ತೆ.”

ಮರುದಿನ ತೆಂಗಿನಕಾಯಿ ಲೆಕ್ಕದ ಪುಸ್ತಕದಲ್ಲೇ ಡ್ರೈನ್ ಲೆಕ್ಕ ಇತ್ತು. ಕೆಳಗೆ ನಾವು ಯಾರೂ ಹೇಳದ ಇನ್ನೊಂದು ಸಾಲು: ನೀರು, 7 ಲೋಟ.

ಗಾಯವನ್ನು ಮಾತ್ರ ಅಕ್ಕ ಇನ್ನೂ ನೋಡಿಕೊಂಡಿಲ್ಲ. ಡ್ರೆಸ್ಸಿಂಗ್ ಮಾಡುವಾಗ ಕಣ್ಣು ಮುಚ್ಚುತ್ತಾರೆ. ನಾನು ಅವಸರ ಮಾಡಿಲ್ಲ. ಹೊಲಿಗೆ ಬಿಚ್ಚುವ ದಿನ ನಾನೂ ಪಕ್ಕದಲ್ಲಿ ಇರಬೇಕಂತೆ, ಕೇಳಿದ್ದಾರೆ.