ಒಂಬತ್ತು–ಹತ್ತನೇ ಕ್ಲಾಸಿಗೆ ಬಂದ ಮಕ್ಕಳು ಬಡಾವಣೆಯ ಫುಟ್‌ಬಾಲ್ ತಂಡ ಬಿಡುತ್ತಿದ್ದಾರೆ. ಉಳಿಸಿಕೊಳ್ಳುವುದು ಹೇಗೆ?

ಪ್ರತಿ ಮ್ಯಾಚಿನಲ್ಲೂ ಎಲ್ಲರನ್ನೂ ಆಡಿಸಿ. ಪರೀಕ್ಷೆ ಹತ್ತಿರ ಬಂದಾಗ ಅಭ್ಯಾಸವನ್ನು ವಾರಕ್ಕೆ ಒಂದು ದಿನಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ.

ಎಸ್ಎಸ್ಎಲ್‌ಸಿ, ಟ್ಯೂಷನ್ ಎನ್ನುವುದು ಹೇಳಲು ಸುಲಭವಾದ ಕಾರಣ. ಎಷ್ಟೋ ಮಕ್ಕಳಿಗೆ ಅದಕ್ಕೂ ಮೊದಲೇ ತಂಡದಲ್ಲಿ ತಮಗೆ ಜಾಗವಿಲ್ಲ ಅನ್ನಿಸಿರುತ್ತದೆ. ಈ ವಯಸ್ಸಿನಲ್ಲಿ ಮೈ ಬೆಳೆಯುವ ವೇಗ ಒಬ್ಬೊಬ್ಬರದು ಒಂದೊಂದು ಥರ. 13 ವರ್ಷದ ಒಬ್ಬನಿಗೆ ಮೀಸೆ ಚಿಗುರಿದ್ದರೆ, ಅದೇ ಕ್ಲಾಸಿನ ಇನ್ನೊಬ್ಬ ಅವನ ಭುಜಕ್ಕೂ ಬರುವುದಿಲ್ಲ. ಗೆಲ್ಲುವ ಆಸೆಗೆ ಕೋಚ್ ದೊಡ್ಡವನನ್ನೇ ಇಳಿಸುತ್ತಾರೆ. ಚಿಕ್ಕವನು ನೀರಿನ ಬಾಟಲಿ, ಬ್ಯಾಗು ಕಾಯುತ್ತಾ ಕೂರುತ್ತಾನೆ. ಆಡಲು ಸಿಗದವನು ಕಲಿಯುವುದು ಹೇಗೆ? ಎರಡು ವರ್ಷದಲ್ಲಿ ಅವನೂ ಉದ್ದವಾಗುತ್ತಾನೆ, ಅಷ್ಟರಲ್ಲಿ ಮೈದಾನ ಬಿಟ್ಟಿರುತ್ತಾನೆ. ಹದಿನಾರರೊಳಗಿನ ತಂಡಕ್ಕೆ ಕಪ್ ಗೆಲ್ಲುವುದಕ್ಕಿಂತ ಎಲ್ಲರಿಗೂ ಆಡಲು ಸಿಗುವುದು ದೊಡ್ಡ ವಿಷಯ ಎಂದೇ ನನ್ನ ನಂಬಿಕೆ.

ಹುಡುಗಿಯರಿಗೆ ಬಟ್ಟೆ ಬದಲಿಸಲು ಜಾಗ, ಶುಚಿಯಾದ ಶೌಚಾಲಯ ಇರಲಿ. ಕತ್ತಲಾಗುವ ಮೊದಲೇ ಅಭ್ಯಾಸ ಮುಗಿಯಲಿ. ಇಷ್ಟಿಲ್ಲದಿದ್ದರೆ ಮನೆಯವರೇ ಬಿಡಿಸುತ್ತಾರೆ.

ದೂರವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ಹಲಸೂರಿನ ಹತ್ತಿರದ ಗೌತಮಪುರದಲ್ಲಿ ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಪೆಲೆಯ ಪ್ರತಿಮೆಯೇ ಇದೆ, ಅಲ್ಲಿ ಫುಟ್‌ಬಾಲ್ ತಲೆಮಾರುಗಳಿಂದ ಬೀದಿಯಲ್ಲೇ ಬೆಳೆದಿದೆ. ಆದರೆ ನಗರದ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಬಸ್ಸು ಹತ್ತಿ ಬರಬೇಕಾದ ಮಗು ಎಷ್ಟು ದಿನ ಬಂದೀತು? ನಡೆದು ಬರುವ ದೂರದ ಮಕ್ಕಳಿಂದಲೇ ತಂಡ ಕಟ್ಟಿ, ವಾರಕ್ಕೊಮ್ಮೆ ಕಿರಿಯರ ಅಭ್ಯಾಸ ನಡೆಸುವ ಕೆಲಸವನ್ನು ಹತ್ತನೇ ಕ್ಲಾಸಿನವರಿಗೇ ಒಪ್ಪಿಸಿ.