ಮರ ಹೂಕೋಸಿನಂತಾಗುವುದೇಕೆ?

ಡೊಂಬಿವಲಿಯ ಓದುಗರೊಬ್ಬರ ಪತ್ರ: ‘ನಿವೃತ್ತಿಯ ನಂತರ ಪೆನ್ಸಿಲ್ ಹಿಡಿದಿದ್ದೇನೆ. ನಮ್ಮ ಸೊಸೈಟಿಯ ಗೇಟಿನ ಬಳಿ ದೊಡ್ಡ ಮಳೆಮರವಿದೆ. ಎಲೆಗಳನ್ನು ಒಂದೊಂದಾಗಿ ಬಿಡಿಸಿದರೆ ಹಾಳೆ ತುಂಬುತ್ತದೆ, ಮರ ಕಾಣುವುದಿಲ್ಲ. ಗೀಚಿ ತುಂಬಿಸಿದರೆ ಹೂಕೋಸಾಗುತ್ತದೆ. ಒಳ್ಳೆಯ ಪೆನ್ಸಿಲ್ ಸೆಟ್ ಕೊಂಡರೆ ಸರಿಹೋದೀತೇ?’

ಸೆಟ್ ಬೇಡ. ಎಚ್‌ಬಿ, 2ಬಿ, 4ಬಿ, ಈ ಮೂರೇ ಸಾಕು (ಬಿ ಪಕ್ಕದ ಅಂಕಿ ಹೆಚ್ಚಿದಷ್ಟೂ ಸೀಸ ಮೆತ್ತಗೆ, ಗೆರೆ ಕಪ್ಪು; ಎಚ್‌ಬಿ ಇವುಗಳಿಗಿಂತ ಗಟ್ಟಿ), ಬಿಡಿಯಾಗಿಯೂ ಸಿಗುತ್ತವೆ. ದುಡ್ಡು ಹಾಕುವುದಿದ್ದರೆ ಹಾಳೆಗೆ ಹಾಕಿ: 130ರಿಂದ 150 ಜಿಎಸ್‌ಎಂನ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ) ಕಾರ್ಟ್ರಿಜ್ ಪೇಪರ್, ಅಂದರೆ ಚಿತ್ರ ಬಿಡಿಸುವ ದಪ್ಪ ಹಾಳೆ. ಝೆರಾಕ್ಸ್ ಕಾಗದ ತೀರಾ ನುಣುಪು, ಅದರ ಮೇಲೆ ಗಾಢ ಕಪ್ಪು ಕೂರುವುದಿಲ್ಲ. ನಮ್ಮ ಮಳೆಗಾಲದಲ್ಲಿ ಹಾಳೆ ತೇವ ಕುಡಿದು ಮೆತ್ತಗಾಗುತ್ತದೆ, ರಬ್ಬರ್ ಉಜ್ಜಿದರೆ ಮೇಲ್ಪದರವೇ ಎದ್ದುಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ.

ಹೂಕೋಸಿಗೆ ಕಾರಣ ಬೇರೆಯೇ. ಮೊದಲು ದುಂಡಗೆ ಹೊರಗೆರೆ ಎಳೆದು, ಆಮೇಲೆ ಒಳಗೆಲ್ಲ ಒಂದೇ ಒತ್ತಡದಲ್ಲಿ ಗೀಚುತ್ತಿದ್ದೀರಿ ಎಂದು ಕಾಣುತ್ತದೆ. ಆದರೆ ಇಪ್ಪತ್ತು ಹೆಜ್ಜೆ ದೂರದಿಂದ ನಮಗೆ ಕಾಣುವುದು ಬಿಡಿ ಎಲೆಗಳಲ್ಲ, ಎಲೆಗೊಂಚಲುಗಳ ದಿಬ್ಬಗಳು. ಪ್ರತಿ ದಿಬ್ಬಕ್ಕೂ ಬೆಳಕು ಬಿದ್ದ ನೆತ್ತಿ, ಕಪ್ಪಾದ ಅಡಿ ಇರುತ್ತವೆ. ಬಿಡಿಸಬೇಕಾದದ್ದು ಅಡಿಯನ್ನು, ನೆತ್ತಿಗೆ ಬಿಳಿ ಹಾಳೆಯೇ ಸಾಕು.

ಇದು ಸ್ಪಷ್ಟವಾಗಿ ಕಾಣಲು ಓರೆಬಿಸಿಲು ಬೇಕು. ಬೆಳಿಗ್ಗೆ ಎಂಟರಿಂದ ಒಂಬತ್ತರ ಹೊತ್ತು ಒಳ್ಳೆಯದು. ಬೇರೆ ಮರಗಳಿಗೆ ಸಂಜೆಯೂ ಆದೀತು, ಮಳೆಮರಕ್ಕೆ ಆಗದು: ಹೊತ್ತು ಇಳಿಯುತ್ತಿದ್ದಂತೆ ಅದು ಎಲೆ ಮಡಚಿಕೊಳ್ಳುತ್ತದೆ. ದಟ್ಟ ಮೋಡ ಕವಿದಾಗಲೂ ಅಷ್ಟೇ.

ಎ4 ಹಾಳೆಯ ಮೂಲೆಯಲ್ಲಿ ಬೆಳಕಿನ ದಿಕ್ಕಿಗೆ ಬಾಣದ ಗುರುತು ಹಾಕಿ. ಕೈ ನೀಟಾಗಿ ಚಾಚಿ, ಪೆನ್ಸಿಲಿನಿಂದ ಮರದ ಎತ್ತರ ಮತ್ತು ಅಗಲ ಅಳೆಯಿರಿ. ಮಳೆಮರ ಸಾಮಾನ್ಯವಾಗಿ ಎತ್ತರಕ್ಕಿಂತ ಅಗಲ, ಹಾಗಿದ್ದರೆ ಹಾಳೆಯನ್ನು ಅಡ್ಡ ಇಟ್ಟುಕೊಳ್ಳಿ. ಎಚ್‌ಬಿಯಲ್ಲಿ, ಒತ್ತದೆ, ಹೊರ ಆಕಾರವನ್ನು ತುಂಡು ತುಂಡು ನೇರ ಗೆರೆಗಳಲ್ಲಿ ಗುರುತಿಸಿ. ಅದರೊಳಗೆ ಐದರಿಂದ ಏಳು ದಿಬ್ಬಗಳು, ಒಂದರಂತೆ ಇನ್ನೊಂದು ಇರಬಾರದು. ನಡುವೆ ಮೂರು ನಾಲ್ಕು ಕಡೆ ಆಕಾಶ ಇಣುಕುವ ಕಿಂಡಿಗಳನ್ನು ಬಿಡಿ. ಕೊಂಬೆಗಳನ್ನು ಆ ಕಿಂಡಿಗಳಲ್ಲಿ ಮಾತ್ರ ತೋರಿಸಿ. ಕಿಂಡಿ ಬಿಡದಿದ್ದರೆ ಮರ ಕತ್ತರಿಸಿ ಅಂಟಿಸಿದ ಕಾಗದವಾಗುತ್ತದೆ.

ಕೊಂಬೆಗಳ ದಪ್ಪದಲ್ಲಿ ಹೆಚ್ಚಿನವರು ಎಡವುತ್ತಾರೆ. ಕೊಂಬೆ ಕವಲೊಡೆದಾಗ ಮಾತ್ರ ಗಮನಾರ್ಹವಾಗಿ ತೆಳ್ಳಗಾಗುತ್ತದೆ, ಕವಲುಗಳ ನಡುವೆ ಹೆಚ್ಚುಕಡಿಮೆ ಒಂದೇ ದಪ್ಪ. ಲಿಯೊನಾರ್ಡೊ ಡ ವಿಂಚಿ ಗುರುತಿಸಿದ್ದ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಕವಲುಗಳನ್ನೆಲ್ಲ ಒಟ್ಟುಗೂಡಿಸಿದರೆ ಕಾಂಡದಷ್ಟೇ ದಪ್ಪ. ಕೂಡಬೇಕಾದದ್ದು ಅಗಲವನ್ನಲ್ಲ, ಅಡ್ಡ ಕೊಯ್ದರೆ ಕಾಣುವ ದುಂಡು ಮುಖದ ವಿಸ್ತೀರ್ಣವನ್ನು. ನಿಮ್ಮ ಹಾಳೆಯಲ್ಲಿ ಕಾಂಡ 10 ಮಿ.ಮೀ. ಇದ್ದರೆ ಎರಡು ಸಮ ಕವಲುಗಳು ತಲಾ ಸುಮಾರು 7 ಮಿ.ಮೀ., ಐದಲ್ಲ.

ಈಗ ಕಣ್ಣು ಕಿರಿದು ಮಾಡಿ ನೋಡಿ. ವಿವರಗಳು ಮಾಯವಾಗಿ ಕಪ್ಪು ಭಾಗಗಳು ಒಂದಾಗುತ್ತವೆ. ಅಷ್ಟನ್ನೂ 2ಬಿಯ ಮೊಂಡು ತುದಿ ಮಲಗಿಸಿ, ಒಂದೇ ದಿಕ್ಕಿಗೆ ಗೆರೆ ಹಾಕುತ್ತ ತುಂಬಿ. ಕೊಂಬೆ ಎಲೆಯೊಳಗೆ ನುಗ್ಗುವ ಜಾಗಕ್ಕೂ ದಿಬ್ಬದ ತೀರಾ ಕೆಳಗಿನ ಅಂಚಿಗೂ ಮಾತ್ರ 4ಬಿ. ಕಾಂಡದ ಮೇಲ್ಭಾಗವನ್ನೂ ಕಪ್ಪಾಗಿಸಲು ಮರೆಯಬೇಡಿ, ಎಲೆಯ ನೆರಳು ಅಲ್ಲಿ ಬೀಳುತ್ತದೆ.

ಎಲೆ ಬರುವುದು ಕೊನೆಗೆ, ಅದೂ ಎರಡೇ ಕಡೆ: ಬೆಳಕು ಮುಗಿದು ನೆರಳು ತೊಡಗುವ ಗಡಿಯಲ್ಲಿ, ಮತ್ತು ಆಕಾಶಕ್ಕೆ ತಾಗುವ ಅಂಚಿನಲ್ಲಿ. ಮಳೆಮರಕ್ಕೆ ಚಿಕ್ಕ ಅಡ್ಡ ಚುಕ್ಕೆಗಳು. ಮಾವಿಗಾದರೆ ಕೆಳಗೆ ಜೋತ ಉದ್ದ ಗೀಟುಗಳ ಗೊಂಚಲು. ಅಂಚನ್ನು ಅಲ್ಲಲ್ಲಿ ಕಡಿದುಬಿಡಿ, ಸುತ್ತಲೂ ಗೆರೆ ಕಟ್ಟಬೇಡಿ. ಬೆರಳಿನಿಂದ ಉಜ್ಜಿ ನಯಗೊಳಿಸುವ ಚಾಳಿಯೂ ಬೇಡ, ಮಾಡಿದ ಗೆರೆಗಳೆಲ್ಲ ಬೂದಿಯಾಗುತ್ತವೆ. ಅಂಗೈ ಕೆಳಗೊಂದು ರದ್ದಿ ಕಾಗದ ಇರಲಿ.

ಮಳೆಮರ ಇನ್ನೂ ಕೈಗೆ ಒಗ್ಗದಿದ್ದರೆ ಕಾಡುಬಾದಾಮಿಯ ಎಳೆ ಮರ ಹುಡುಕಿ. ಅದರ ಕೊಂಬೆಗಳು ಅಂತಸ್ತು ಅಂತಸ್ತಾಗಿ ಅಡ್ಡಕ್ಕೆ ಚಾಚಿರುತ್ತವೆ, ದಿಬ್ಬಗಳು ತಾವಾಗಿಯೇ ಬಿಡಿಬಿಡಿಯಾಗಿ ಕಾಣುತ್ತವೆ.

— ಸಂ.