ಕಿಟ್ ಲೆನ್ಸ್ ಹಿಡಿದು ನಾನ್-ಲೀಗ್ ಫುಟ್‌ಬಾಲ್ ಫ್ರೆಂಡ್ಲಿಯ ಫೋಟೋ ತೆಗೆಯಬಹುದಾ?

ಧಾರಾಳವಾಗಿ ತೆಗೆಯಬಹುದು. ಲಂಡನ್‌ಗೆ ಬಂದು ಆರು ತಿಂಗಳಾಗಿದೆ, ಮುಂದಿನ ವಾರ ಮನೆ ಹತ್ತಿರದ ನಾನ್-ಲೀಗ್ ಕ್ಲಬ್ಬಿನ ಪ್ರೀ-ಸೀಸನ್ ಫ್ರೆಂಡ್ಲಿ (ಸೀಸನ್ ಶುರುವಾಗುವ ಮುಂಚಿನ ಅಭ್ಯಾಸದ ಮ್ಯಾಚ್) ಇದೆ, ಇರುವುದು ಕ್ಯಾಮೆರಾ ಜೊತೆ ಬಂದ 55-210 ಎಂಎಂ ಕಿಟ್ ಲೆನ್ಸ್ ಒಂದೇ, ಫುಟ್‌ಬಾಲ್ ಫೋಟೋ ಯಾವತ್ತೂ ತೆಗೆದಿಲ್ಲ ಅಂತ ಕೇಳಿದ್ದೀರಿ. ನಾನು ದಕ್ಷಿಣ ಲಂಡನ್ನಿನಲ್ಲಿ ಐದು ವರ್ಷದಿಂದ ಜುಲೈ ಬಂದರೆ ಇದೇ ಕೆಲಸ ಮಾಡುತ್ತೇನೆ. ದುಡ್ಡಿಗಲ್ಲ, ಹುಚ್ಚಿಗೆ.

ಊರಲ್ಲಿ ಕೂತು ಓದುವವರಿಗೆ ಒಂದು ಮಾತು: ನಾನ್-ಲೀಗ್ ಅಂದರೆ ಲೀಗೇ ಇಲ್ಲ ಅಂತಲ್ಲ. ಪ್ರೀಮಿಯರ್ ಲೀಗಿನ 20 ಮತ್ತು ಅದರ ಕೆಳಗಿನ ಮೂರು ಡಿವಿಷನ್ನಿನ 72 ಕ್ಲಬ್ ಬಿಟ್ಟು, ಐದನೇ ಹಂತದಿಂದ ಕೆಳಗಿರುವುದೆಲ್ಲ ನಾನ್-ಲೀಗ್.

ಮೊದಲು ಕ್ಲಬ್ಬಿನ ಸೆಕ್ರೆಟರಿಗೆ ಒಂದು ಮೇಲ್ ಹಾಕಿ. ದೊಡ್ಡ ಲೀಗುಗಳಲ್ಲಿ ಲೈಸೆನ್ಸ್ ಇಲ್ಲದೆ ಫೋಟೋಗ್ರಾಫರ್ ಒಳಗೆ ಕಾಲಿಡುವ ಹಾಗಿಲ್ಲ, ಇಲ್ಲಿ ಸಾಮಾನ್ಯವಾಗಿ 'ಬನ್ನಿ, ನಮಗೂ ನಾಲ್ಕು ಫೋಟೋ ಕಳಿಸಿ' ಅಂತಾರೆ. ಉತ್ತರ ಬರದಿದ್ದರೂ ಚಿಂತೆ ಇಲ್ಲ, ಟಿಕೆಟ್ ತಗೊಂಡು ಮೈದಾನದ ಸುತ್ತ ಇರುವ ಕಂಬಿಯ ಹೊರಗೆ ನಿಂತರೂ ಆಟಗಾರರು ಕೈಗೆಟಕುವಷ್ಟು ಹತ್ತಿರ ಇರುತ್ತಾರೆ. ಮಕ್ಕಳ ಫೋಟೋ ಮಾತ್ರ ಅಪ್ಪ ಅಮ್ಮನನ್ನು ಕೇಳದೆ ತೆಗೆಯಬೇಡಿ.

ಇನ್ನು ಬೆಳಕು. ಶನಿವಾರ ಮಧ್ಯಾಹ್ನ 3 ಗಂಟೆಯ ಮ್ಯಾಚ್ ಆದರೆ ನಿಮ್ಮ ಲೆನ್ಸ್ ಸಾಕು: ಶಟರ್ (ಬೆಳಕು ಒಳಗೆ ಬರುವ ಹೊತ್ತು) 1/1000 ಸೆಕೆಂಡು, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಷ್ಟು ತೆರೆಯುತ್ತೋ ಅಷ್ಟು, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ, ಫೋಕಸ್ ಕಂಟಿನ್ಯುಯಸ್ (ಓಡುವವರನ್ನು ಹಿಂಬಾಲಿಸುವ ಫೋಕಸ್). ವಾರದ ಮಧ್ಯೆ ಸಂಜೆ 7:45ಕ್ಕೆ ಶುರುವಾಗುವುದಾದರೆ ಕತೆ ಬೇರೆ. ಜುಲೈನಲ್ಲಿ ಸೂರ್ಯ ಮುಳುಗುವುದು 9ರ ಆಸುಪಾಸು, ಹಾಗಾಗಿ ಮೊದಲ ಅರ್ಧದಲ್ಲಿ ಬಂಗಾರದಂಥ ಬೆಳಕು ಸಿಗುತ್ತದೆ, ಎರಡನೇ ಅರ್ಧದಲ್ಲಿ ಅದು ಕಣ್ಣೆದುರೇ ಸೋರಿಹೋಗುತ್ತದೆ. ಆಗ ಶಟರ್ 1/500ಕ್ಕೆ ಇಳಿಸಿ, ಐಎಸ್ಒ 6400 ಆದರೂ ಆಗಲಿ ಬಿಡಿ. ಕಾಳು ಕಾಳಾದ ಫೋಟೋ ನೋಡಬಹುದು, ಅಲ್ಲಾಡಿದ್ದನ್ನು ಏನು ಮಾಡೋದು?

ಜಾಗದ ವಿಷಯದಲ್ಲಿ ಹೊಸಬರು ಮಾಡುವ ತಪ್ಪು ಚೆಂಡಿನ ಹಿಂದೆ ಓಡುವುದು. ನಾನೂ ಮೊದಲ ವರ್ಷ ತೊಂಬತ್ತು ನಿಮಿಷ ಓಡಿ ಬರೀ ಬೆನ್ನುಗಳ ಫೋಟೋ ತಂದಿದ್ದೆ! ಕಾರ್ನರ್ ಬಾವುಟಕ್ಕೂ ಗೋಲಿಗೂ ನಡುವೆ, ಬಿಸಿಲು ನಿಮ್ಮ ಬೆನ್ನಿಗೆ ಬೀಳುವ ಕಡೆ, ಒಂದು ಮಡಚುವ ಸ್ಟೂಲ್ ಹಾಕಿಕೊಂಡು ಕೂತುಬಿಡಿ. ಕೂತು ತೆಗೆದರೆ ಮುಖ ಸಿಗುತ್ತದೆ, ಹಿಂದೆ ನಿಲ್ಲಿಸಿದ ಕಾರುಗಳ ಬದಲು ಆಕಾಶ, ಮರ ಸಿಗುತ್ತವೆ. ಹಾಫ್ ಟೈಮಿನಲ್ಲಿ ಈ ಮೈದಾನಗಳಲ್ಲಿ ಒಂದು ಚಂದದ ರೂಢಿ ಇದೆ, ತಮ್ಮ ಟೀಮು ಯಾವ ಗೋಲಿನ ಕಡೆ ಆಡುತ್ತದೋ ಅದರ ಹಿಂದಕ್ಕೆ ಜನ ಬಿಯರ್ ಲೋಟ ಹಿಡಿದುಕೊಂಡೇ ನಡೆದು ಹೋಗುತ್ತಾರೆ. ಆ ಮೆರವಣಿಗೆಯ ಫೋಟೋ ಬಿಡಬೇಡಿ.

ಗೋಲ್ ಸಂಭ್ರಮವನ್ನು ಮಾತ್ರ ನಿರೀಕ್ಷಿಸಬೇಡಿ. ಇದು ಪಾಯಿಂಟ್ ಇಲ್ಲದ ಆಟ, ಗೋಲ್ ಹೊಡೆದವನು ಇಬ್ಬರ ಕೈಗೆ ತಟ್ಟಿ ವಾಪಸ್ ನಡೀತಾನೆ, ಅಷ್ಟೇ. ನನಗೆ ಜಾಸ್ತಿ ಇಷ್ಟವಾಗುವುದು ಆಟದ ಪಕ್ಕ ನಡೆಯುವುದು: ನೀರಿಗೆ ಆಟ ನಿಲ್ಲಿಸಿದಾಗ ಬಾಟಲಿ ಹಿಡಿದ ಹುಡುಗರ ನಡುವೆ ಗಂಟಲು ಹರಿದುಕೊಳ್ಳುವ ಮ್ಯಾನೇಜರ್, ಬೇಲಿಯಾಚೆ ಬಿದ್ದ ಚೆಂಡು ಹುಡುಕುವ ಪೋರ, ಯಾರು ಯಾವ ನಂಬರ್ ಅಂತ ಪುಸ್ತಕದಲ್ಲಿ ಬರೆದುಕೊಳ್ಳುವ ಅಜ್ಜ. ದಕ್ಷಿಣ ಲಂಡನ್ನಿನ ನಾನ್-ಲೀಗ್ ಕ್ಲಬ್ ಡಲಿಚ್ ಹ್ಯಾಮ್ಲೆಟ್ ಆಡುವ ಚಾಂಪಿಯನ್ ಹಿಲ್ ಮೈದಾನಕ್ಕೆ ಒಮ್ಮೆ ಹೋಗಿ, ಅವರ ಗುಲಾಬಿ-ನೀಲಿ ಬಟ್ಟೆಗೆ ಸಂಜೆ ಬಿಸಿಲು ಬಿದ್ದಾಗ ನೋಡಬೇಕು. ಎಕ್ಸ್‌ಪೋಶರ್ (ಫೋಟೋಗೆ ಬೀಳುವ ಬೆಳಕು) ಸ್ವಲ್ಪ ಇಳಿಸಿಕೊಳ್ಳಿ, ಇಲ್ಲದಿದ್ದರೆ ಗುಲಾಬಿ ಬಣ್ಣ ಸುಟ್ಟುಹೋಗುತ್ತದೆ.

ಒಂದು ಎಚ್ಚರಿಕೆ, ಇದು ನನಗೆ ಪೆಟ್ಟು ತಿಂದು ಗೊತ್ತಾಗಿದ್ದು. ಈ ಪಂದ್ಯಗಳ ಟೀಮ್ ಪಟ್ಟಿಯಲ್ಲಿ 'ಟ್ರಯಲಿಸ್ಟ್ ಎ', 'ಟ್ರಯಲಿಸ್ಟ್ ಬಿ' ಅಂತ ಬರೆದಿರುತ್ತಾರೆ, ಅಂದರೆ ಕ್ಲಬ್ಬಿಗೆ ಇನ್ನೂ ಸೇರದೆ ಪರೀಕ್ಷೆಗೆ ಆಡುತ್ತಿರುವ ಆಟಗಾರರು. ಹೆಸರು ಗೊತ್ತಿಲ್ಲದೆ ಅಲ್ಲ, ಬೇಕಂತಲೇ. ಆ ಹುಡುಗ ಬೇರೆ ಕ್ಲಬ್ಬಿನವನಿರಬಹುದು, ಮಾತುಕತೆ ಇನ್ನೂ ನಡೀತಿರಬಹುದು. ನಾನು ಒಬ್ಬನ ಮುಖ ಎದ್ದು ಕಾಣುವ ಫೋಟೋವನ್ನು ಅವತ್ತು ರಾತ್ರಿಯೇ ಆನ್‌ಲೈನ್‌ನಲ್ಲಿ ಹಾಕಿಬಿಟ್ಟೆ, ಅರ್ಧ ಗಂಟೆಯಲ್ಲಿ ಯಾರೋ ಗುರುತು ಹಿಡಿದು ಹೆಸರು ಬರೆದರು. ಕ್ಲಬ್ಬಿನಿಂದ ಮೆಸೇಜ್ ಬಂತು. ಬೈಗುಳ ಇರಲಿಲ್ಲ, 'ದಯವಿಟ್ಟು ಡಿಲೀಟ್ ಮಾಡುತ್ತೀರಾ' ಅಂತ ಅಷ್ಟೇ. ಬೈದಿದ್ದರೇ ವಾಸಿ ಇತ್ತು ಅನ್ನಿಸ್ತು. ಈಗ ಅಂಥವರ ಫೋಟೋ ಮೊದಲು ಕ್ಲಬ್ಬಿಗೆ ಕಳಿಸುತ್ತೇನೆ, ಅವರು ಹೂಂ ಅಂದ ಮೇಲೇ ಹಾಕುವುದು.

ಹಾಗೇ ಟೀಮ್ ಪಟ್ಟಿಯದೂ ಒಂದು ಫೋಟೋ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಹಾಫ್ ಟೈಮಿನಲ್ಲಿ ಹನ್ನೊಂದಕ್ಕೆ ಹನ್ನೊಂದೂ ಜನ ಬದಲಾಗಬಹುದು, ಬಟ್ಟೆ ಮೇಲೆ ಹೆಸರಿರುವುದಿಲ್ಲ. ಗೋಲ್ ಆದ ಮೇಲೆ ಹೊಡೆದವನ ಬೆನ್ನಿನ ನಂಬರಿನದೂ ಒಂದು ಫೋಟೋ ಇರಲಿ. ಯಾವ ಗ್ರೌಂಡ್, ಎಷ್ಟು ಗಂಟೆಗೆ ಅಂತ ಕಾಮೆಂಟಿನಲ್ಲಿ ಹೇಳಿ, ಬಿಸಿಲು ಯಾವ ಕಡೆ ಇರುತ್ತೆ ಅಂತ ಮ್ಯಾಪ್ ನೋಡಿ ತಿಳಿಸ್ತೀನಿ.